ಎಲ್ಲರಿಗಿಂತ ಮೊದಲು ಗೊತ್ತಾಗೋದು ಅವಳಿಗೇ: ಥೆಲ್ಮಾ ರಿಟ್ಟರ್ ಮತ್ತು ಹಳೇ ಹಾಲಿವುಡ್‌ನಲ್ಲಿ ಪೋಷಕ ನಟಿ ಅನ್ನೋ ಕೆಲಸ

ಒಬ್ಬಳು ವಯಸ್ಸಾದ ಹೆಂಗಸು, ಇಡೀ ದಿನ ನ್ಯೂಯಾರ್ಕ್ ಬೀದಿಗಳಲ್ಲಿ ಟೈ ಮಾರಿ ಸುಸ್ತಾಗಿ ರಾತ್ರಿ ತನ್ನ ಚಿಕ್ಕ ರೂಮಿಗೆ ಬರ್ತಾಳೆ, ಗ್ರಾಮಫೋನ್ ಹಾಕ್ಕೊಂಡು ಹಾಸಿಗೆ ಮೇಲೆ ಬೀಳ್ತಾಳೆ, ಆಮೇಲೆ ನೋಡಿದ್ರೆ ರೂಮಲ್ಲಿ ಆಗ್ಲೇ ಒಬ್ಬ ಬಂದು ಕೂತಿದಾನೆ. ಅವನಿಗೆ ಒಂದು ಅಡ್ರೆಸ್ ಬೇಕು. ಅವಳು ಹಣಕ್ಕೆ ಮಾಹಿತಿ ಮಾರೋಳೇ, ಅದೇ ಅವಳ ಹೊಟ್ಟೆಪಾಡು, ಆದ್ರೆ ಇವನಿಗೆ ಮಾತ್ರ ಮಾರಲ್ಲ. ಅಳಲ್ಲ, ಕಿರುಚಲ್ಲ, ಕೈ ಮುಗಿಯಲ್ಲ. ನಾನು ತುಂಬಾ ದಣಿದಿದೀನಿ ಕಣಪ್ಪ, ನೀನು ಗುಂಡು ಹೊಡೆದ್ರೆ ನನಗೇ ಉಪಕಾರ ಅನ್ನೋ ಅರ್ಥದಲ್ಲಿ ಮಾತಾಡ್ತಾಳೆ. ಕ್ಯಾಮೆರಾ ಮೆಲ್ಲಗೆ ಗ್ರಾಮಫೋನ್ ಕಡೆ ತಿರುಗುತ್ತೆ, ಗುಂಡಿನ ಸದ್ದು ಕೇಳುತ್ತೆ, ಪ್ಲೇಟು ತಿರುಗ್ತಾನೇ ಇರುತ್ತೆ.

ಇದು 1953ರ 'ಪಿಕಪ್ ಆನ್ ಸೌತ್ ಸ್ಟ್ರೀಟ್', ಡೈರೆಕ್ಟರ್ ಸ್ಯಾಮ್ಯುಯೆಲ್ ಫುಲ್ಲರ್. ಹೀರೋ ರಿಚರ್ಡ್ ವಿಡ್‌ಮಾರ್ಕ್, ಹೀರೋಯಿನ್ ಜೀನ್ ಪೀಟರ್ಸ್. ಆದ್ರೆ ಈ ಸಿನಿಮಾ ನೋಡಿದವರಿಗೆ ವರ್ಷಗಟ್ಟಲೆ ನೆನಪಲ್ಲಿ ಉಳಿಯೋಳು ಆ ಟೈ ಮಾರೋಳು, ಮೋ. ಆ ಪಾತ್ರ ಮಾಡಿದವರು ಥೆಲ್ಮಾ ರಿಟ್ಟರ್. ಅತ್ಯುತ್ತಮ ಪೋಷಕ ನಟಿ ಅನ್ನೋ ಆಸ್ಕರ್ ವಿಭಾಗದಲ್ಲಿ ಅವ್ರಿಗೆ ಆರು ನಾಮಿನೇಷನ್ ಬಂತು. ಆ ವಿಭಾಗದಲ್ಲಿ ಅಷ್ಟು ಸಲ ನಾಮಿನೇಟ್ ಆದೋರು ಇನ್ನೊಬ್ರಿಲ್ಲ. ಒಂದು ಸಲವೂ ಗೆಲ್ಲಲಿಲ್ಲ.

ಇಷ್ಟು ಹೇಳಿದ ತಕ್ಷಣ ಎಲ್ರೂ ಕೇಳೋದು ಒಂದೇ, ಯಾಕೆ ಗೆಲ್ಲಲಿಲ್ಲ? ನಂಗೆ ಅದಕ್ಕಿಂತ ಮೊದಲು ಬೇರೆ ಒಂದು ಅರ್ಥ ಮಾಡ್ಕೋಬೇಕು ಅನ್ಸುತ್ತೆ, ಹಳೇ ಹಾಲಿವುಡ್‌ನಲ್ಲಿ ಪೋಷಕ ನಟಿ ಅಂದ್ರೆ ನಿಜವಾಗ್ಲೂ ಏನು ಕೆಲಸ, ಅವ್ರನ್ನ ಯಾರು ಹೇಗೆ ಇಟ್ಕೊಂಡಿದ್ರು, ಕಥೆ ಒಳಗೆ ಅವ್ರಿಂದ ಏನು ಮಾಡಿಸ್ತಿದ್ರು ಅಂತ. ಅದು ಗೊತ್ತಾದ್ರೆ ಪ್ರಶಸ್ತಿ ವಿಷಯ ಅರ್ಧ ತಾನಾಗೇ ಬಿಡಿಸ್ಕೊಳ್ಳುತ್ತೆ.

ಥೆಲ್ಮಾ ಹುಟ್ಟಿದ್ದು 1902ರ ಫೆಬ್ರವರಿ 14ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್‌ನಲ್ಲಿ ನಟನೆ ಕಲಿತರು, ನಾಟಕ ಕಂಪನಿಗಳಲ್ಲಿ ಪಾರ್ಟ್ ಮಾಡಿದರು, 1927ರಲ್ಲಿ ಜೋಸೆಫ್ ಮೊರನ್ ಅನ್ನೋ ನಟರನ್ನ ಮದುವೆ ಆದರು. ಮೊರನ್ ಆಮೇಲೆ ನಟನೆ ಬಿಟ್ಟು ಜಾಹೀರಾತು ಕಂಪನಿ ಸೇರಿದರು, ಥೆಲ್ಮಾ ಇಬ್ಬರು ಮಕ್ಕಳನ್ನ ಬೆಳೆಸೋದಕ್ಕೆ ಅಂತ ಸ್ಟೇಜಿಂದ ದೂರ ಉಳಿದರು, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ 1940ರ ದಶಕದಲ್ಲಿ ರೇಡಿಯೋ ನಾಟಕಗಳಿಗೆ ದನಿ ಕೊಡೋಕೆ ಶುರು ಮಾಡಿದರು. ಸಿನಿಮಾಕ್ಕೆ ಬಂದಾಗ 45 ವರ್ಷ. ಬೇರೆ ನಟಿಯರಿಗೆ ಅವಕಾಶ ಕಮ್ಮಿ ಆಗ್ತಾ ಬರೋ ವಯಸ್ಸು ಅದು, ಇವ್ರು ಶುರು ಮಾಡಿದ್ದೇ ಅಲ್ಲಿಂದ.

ಹೇಗೆ ಬಂದ್ರು ಅಂದ್ರೆ, ಡೈರೆಕ್ಟರ್ ಜಾರ್ಜ್ ಸೀಟನ್ ಅವ್ರಿಗೆ ಪರಿಚಯ ಇತ್ತು. 'ಮಿರಾಕಲ್ ಆನ್ 34ತ್ ಸ್ಟ್ರೀಟ್' ಅನ್ನೋ ಕ್ರಿಸ್‌ಮಸ್ ಸಿನಿಮಾಕ್ಕೆ ಒಂದು ಪುಟ್ಟ ಪಾತ್ರ ಕೊಟ್ರು: ಮಗನಿಗೆ ಬೇಕಾದ ಆಟಿಕೆ ಹುಡುಕಿ ಹುಡುಕಿ ಕಾಲು ಬಿದ್ದುಹೋದ ಒಬ್ಬ ತಾಯಿ. ಮೇಸಿಸ್ ಅಂಗಡಿಯ ಸಾಂತಾ, ಇಲ್ಲಿ ಸಿಗಲ್ಲಮ್ಮ ಬೇರೆ ಅಂಗಡಿಗೆ ಹೋಗು ಅಂತ ಕಳಿಸ್ತಾನೆ, ಆಗ ಅವಳ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಆಶ್ಚರ್ಯ, ಆಮೇಲೆ ಒಂಥರಾ ಕರಗಿದ ಭಾವ. ಅಷ್ಟೇ ಪಾತ್ರ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ ಮುಖ್ಯಸ್ಥ ಡ್ಯಾರಿಲ್ ಝಾನಕ್ ಇದನ್ನ ನೋಡಿ ಪಾತ್ರ ಸ್ವಲ್ಪ ದೊಡ್ಡದು ಮಾಡಿಸಿದ್ರು. ಆದ್ರೂ ಟೈಟಲ್ ಕಾರ್ಡಲ್ಲಿ ಥೆಲ್ಮಾ ಹೆಸರು ಬರಲಿಲ್ಲ. 1949ರ 'ಎ ಲೆಟರ್ ಟು ತ್ರೀ ವೈವ್ಸ್'ನಲ್ಲಿ ಸೇಡಿ ಅನ್ನೋ ಕೆಲಸದವಳ ಪಾತ್ರ ಮಾಡಿದಾಗ್ಲೂ ಹೆಸರಿಲ್ಲ, ಥಿಯೇಟರಲ್ಲಿ ಜನ ಅವಳ ಮಾತಿಗೆ ನಗ್ತಿದ್ರು, ಮಾತಾಡಿದ್ದು ಯಾರು ಅಂತ ಪರದೆ ಹೇಳ್ತಿರಲಿಲ್ಲ.

ಈಗ ಆ ಕಾಲದ ಸಿಸ್ಟಮ್ ಬಗ್ಗೆ ಸ್ವಲ್ಪ. ಆಗ ಸ್ಟುಡಿಯೋ ಅಂದ್ರೆ ಒಂದು ಫ್ಯಾಕ್ಟರಿ ಥರ, ಫಾಕ್ಸ್, ಎಂಜಿಎಂ, ಪ್ಯಾರಮೌಂಟ್, ವಾರ್ನರ್, ಆರ್‌ಕೆಓ ಅಂತ ದೊಡ್ಡವು ಐದು, ರೈಟರ್, ಟೈಲರ್, ಕಾರ್ಪೆಂಟರ್, ನಟರು ಎಲ್ರೂ ಸಂಬಳದ ಮೇಲೆ. ನಟರಿಗೆ ಸಾಮಾನ್ಯವಾಗಿ ಏಳು ವರ್ಷದ ಕಾಂಟ್ರಾಕ್ಟ್, ಆದ್ರೆ ಆ ಏಳು ವರ್ಷ ಕಟ್ಟಿ ಹಾಕ್ತಿದ್ದಿದ್ದು ನಟರನ್ನ ಮಾತ್ರ, ಸ್ಟುಡಿಯೋಗೆ ಬೇಡ ಅನ್ಸಿದ್ರೆ ಮಧ್ಯೆ ಮಧ್ಯೆ ಬರೋ ಆಪ್ಷನ್ ದಿನ, ಅಂದ್ರೆ ಕಾಂಟ್ರಾಕ್ಟ್ ಮುಂದುವರಿಸೋದಾ ಬೇಡ್ವಾ ಅಂತ ಸ್ಟುಡಿಯೋ ನಿರ್ಧರಿಸೋ ದಿನ, ಕೈಬಿಡಬಹುದಿತ್ತು. ಇನ್ನೊಂದು ಸ್ಟುಡಿಯೋಗೆ ಎರವಲು ಕೊಡೋದೂ ಇತ್ತು. ಈ ಏರ್ಪಾಡಲ್ಲಿ ಸ್ಟಾರ್ ಅಂದ್ರೆ ಪೋಸ್ಟರ್ ಮೇಲೆ ಟಿಕೆಟ್ ಮಾರೋ ಮುಖ, ಸ್ಟಾರ್‌ಗೆ ಬೇಕಾದ್ದು ಬೆಳಕು, ಬಟ್ಟೆ, ಸೂಕ್ತವಾದ ಕಥೆ. ಕ್ಯಾರೆಕ್ಟರ್ ನಟರು ಅಂದ್ರೆ ಬೇರೆ ಜಾತಿ. ಅವ್ರು ಕಾಣಿಸಿದ ಎರಡೇ ಸೆಕೆಂಡಲ್ಲಿ ಪ್ರೇಕ್ಷಕರಿಗೆ ಇವಳು ಯಾರು, ಎಲ್ಲಿಯವಳು, ಇವಳ ಮಾತು ನಂಬಬಹುದಾ ಅಂತ ಗೊತ್ತಾಗ್ಬೇಕು, ಯಾಕಂದ್ರೆ ಅವ್ರಿಗಾಗಿ ಪರಿಚಯದ ಸೀನ್ ಬರೆಯೋಕೆ ರೈಟರ್ ಹತ್ರ ಟೈಮಿಲ್ಲ. ಹಂಗಾಗಿ ಒಂದು ಸಲ ನರ್ಸ್ ಆದ್ರೆ ಮತ್ತೆ ನರ್ಸ್, ಕೆಲಸದವಳಾದ್ರೆ ಮತ್ತೆ ಕೆಲಸದವಳು. ಥೆಲ್ಮಾ ಮಾಡಿದ ಪಾತ್ರಗಳನ್ನೇ ನೋಡಿ, ಕೆಲಸದವಳು, ಡ್ರೆಸ್ಸರ್ (ನಟಿಗೆ ಬಟ್ಟೆ ತೊಡಿಸೋಳು), ಅಡುಗೆಯವಳು, ನರ್ಸ್, ಮತ್ತೆ ನರ್ಸ್, ಮತ್ತೆ ಕೆಲಸದವಳು.

ಆದ್ರೆ ಅವ್ರ ಹತ್ರ ಇದ್ದಿದ್ದು ಬೇರೆಯವ್ರ ಹತ್ರ ಇರದ ಒಂದು ದನಿ. ಆ ಕಾಲದ ಹಾಲಿವುಡ್ ನಟಿಯರು ಒಂಥರಾ ಪಾಲಿಶ್ ಮಾಡಿದ ಇಂಗ್ಲಿಷ್ ಮಾತಾಡ್ತಿದ್ರು, ಅದು ಇಂಗ್ಲೆಂಡಿಂದೂ ಅಲ್ಲ ಅಮೆರಿಕದ್ದೂ ಅಲ್ಲ, ಸ್ಟೇಜಿಗೆ ಅಂತ ಕಲಿಸಿದ್ದು. ಥೆಲ್ಮಾ ಬಾಯಲ್ಲಿ ಮಾತ್ರ ಬ್ರೂಕ್ಲಿನ್ ಹಾಗೇ ಉಳ್ಕೊಂಡಿತ್ತು, ಸ್ವಲ್ಪ ಕರಕಲು, ಸ್ವಲ್ಪ ಗೊರಗೊರ, ತರಕಾರಿ ಅಂಗಡಿ ಮುಂದೆ ನಿಂತು ಚೌಕಾಸಿ ಮಾಡೋ ದನಿ. ರೇಷ್ಮೆ ಗೌನ್ ಹಾಕಿದವರ ಡ್ರಾಯಿಂಗ್ ರೂಮಿಗೆ ಆ ದನಿ ಬಂದ ತಕ್ಷಣ ಹೊರಗಿನ ಬೀದಿಯೇ ಒಳಗೆ ಬಂದ ಹಾಗಾಗುತ್ತೆ, ಸೀನ್ ನಿಜ ಅನ್ಸೋಕೆ ಶುರುವಾಗುತ್ತೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗೋದು ಸರಿಯಲ್ಲ. ಕೆಲಸದವಳ ಪಾತ್ರದಲ್ಲಿ ಯಜಮಾನಿಗೆ ಎದುರು ಮಾತಾಡಿ, ಜಾಣೆ ಅನ್ನಿಸ್ಕೊಂಡು, ಆಮೇಲೆ ತಾಯಿ ಪಾತ್ರಕ್ಕೆ, ಕ್ರೈಮ್ ಸಿನಿಮಾಕ್ಕೆ ಹೋಗೋ ದಾರಿ ಥೆಲ್ಮಾಗೆ ಇತ್ತು. ಕಪ್ಪು ವರ್ಣದ ನಟಿಯರಿಗೆ ಕೆಲಸದವಳ ಪಾತ್ರವೇ ಮೊದಲು, ಅದೇ ಕೊನೆ. ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಇದೇ ಪೋಷಕ ನಟಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ, ಆ ರಾತ್ರಿ ಹೋಟೆಲಲ್ಲಿ ಅವ್ರನ್ನ ಸಹನಟರ ಜೊತೆ ಕೂರಿಸದೆ ಬೇರೆ ಟೇಬಲ್‌ನಲ್ಲಿ ಕೂರಿಸಿದ್ರು. ಪೋಷಕ ನಟಿ ಅನ್ನೋ ಮೆಟ್ಟಿಲ ಕೆಳಗೆ ಇನ್ನೂ ಮೆಟ್ಟಿಲುಗಳಿದ್ದವು, ಥೆಲ್ಮಾ ಕಥೆ ಓದುವಾಗ ಅದೂ ತಲೇಲಿರಬೇಕು.

ಈಗ ನಂಗೆ ತುಂಬಾ ಇಷ್ಟದ ಭಾಗ, ಕಥೆಯ ಒಳಗೆ ಇವ್ರು ಮಾಡೋ ಕೆಲಸ. ಕನ್ನಡದಲ್ಲಿ ನಾವು ಪೋಷಕ ನಟಿ ಅಂತೀವಲ್ಲ, ಪೋಷಿಸೋದು, ಅದು ಎಷ್ಟು ಸರಿಯಾದ ಪದ ಅಂತ 1950ರ 'ಆಲ್ ಅಬೌಟ್ ಈವ್' ನೋಡಿದ್ರೆ ಗೊತ್ತಾಗುತ್ತೆ. ಜೋಸೆಫ್ ಮ್ಯಾಂಕಿವಿಚ್ ಬರೆದು ಡೈರೆಕ್ಟ್ ಮಾಡಿದ್ದು, 'ಎ ಲೆಟರ್ ಟು ತ್ರೀ ವೈವ್ಸ್' ಕೂಡ ಅವ್ರದ್ದೇ. ಬೆಟ್ಟಿ ಡೇವಿಸ್ ಇದರಲ್ಲಿ ಮಾರ್ಗೋ ಅನ್ನೋ ದೊಡ್ಡ ರಂಗನಟಿ, ಥೆಲ್ಮಾ ಅವಳ ಡ್ರೆಸ್ಸರ್ ಬರ್ಡಿ, ಹಿಂದೆ ತಾನೂ ಸ್ಟೇಜ್ ಮೇಲೆ ಹಾಡಿ ಕುಣಿದಿದ್ದವಳು. ಈವ್ ಅನ್ನೋ ಹುಡುಗಿ ಮೊದಲ ಸಲ ಡ್ರೆಸ್ಸಿಂಗ್ ರೂಮಿಗೆ ಬಂದು ತನ್ನ ಕಷ್ಟದ ಕಥೆ ಹೇಳ್ತಾಳೆ, ಎಲ್ರ ಕಣ್ಣಲ್ಲೂ ನೀರು. ಬರ್ಡಿ ಒಂದೇ ಸಾಲಲ್ಲಿ, ಕಥೆ ಭರ್ಜರಿಯಾಗಿದೆ, ಬೇಟೆನಾಯಿ ಅಟ್ಟಿಸ್ಕೊಂಡು ಬರೋದೊಂದು ಬಾಕಿ ಅನ್ನೋ ಥರ ಏನೋ ಹೇಳಿ ಬೈಸ್ಕೊಳ್ತಾಳೆ. ಆ ಹುಡುಗಿ ಹೇಳ್ತಿರೋದು ಸುಳ್ಳು ಅಂತ ಇಡೀ ರೂಮಲ್ಲಿ ಮೊದಲು ವಾಸನೆ ಹಿಡಿದವಳು ಬರ್ಡಿ, ಯಾಕಂದ್ರೆ ಅವಳು ಹಳೇ ನಾಟಕದವಳು, ಆಕ್ಟಿಂಗ್ ಯಾವುದು ಅಂತ ಅವಳಿಗೆ ಗೊತ್ತು. ಆಮೇಲೆ ಇನ್ನೊಂದು ಸೀನಲ್ಲಿ ಮಾರ್ಗೋಗೆ ಹೇಳ್ತಾಳೆ, ಆ ಹುಡುಗಿ ನಿನ್ನನ್ನ ಪುಸ್ತಕ ಓದಿದ ಹಾಗೆ ಓದ್ತಿದಾಳೆ, ನೀನು ಹೇಗೆ ನಡೀತೀಯ, ಮಾತಾಡ್ತೀಯ ಎಲ್ಲ ಕಲೀತಿದಾಳೆ ಅಂತ.

ಆಮೇಲೆ ಏನಾಗುತ್ತೆ ಗಮನಿಸಿ: ಸಿನಿಮಾದ ದ್ವಿತೀಯಾರ್ಧದಲ್ಲಿ ಬರ್ಡಿ ಮಾಯ. ಎಲ್ಲಿ ಹೋದ್ಲು ಅಂತ ಯಾರೂ ಕೇಳಲ್ಲ. ಮೊದಲ ಸಲ ನೋಡಿದಾಗ ನಂಗೆ ಇದು ಸ್ಕ್ರಿಪ್ಟಿನ ತಪ್ಪು ಅನ್ಸಿತ್ತು, ಎರಡನೇ ಸಲ ನೋಡಿದಾಗ ಅರ್ಥ ಆಯ್ತು, ಬರ್ಡಿಗೆ ಗೊತ್ತಿದ್ದಿದ್ದು ಈಗ ಮಾರ್ಗೋಗೂ ಗೊತ್ತು, ನಮಗೂ ಗೊತ್ತು, ಅಂದ್ಮೇಲೆ ಕಥೆಗೆ ಅವಳ ಅಗತ್ಯ ಮುಗೀತು. ನಮ್ಮ ಅನುಮಾನವನ್ನ ಹುಟ್ಟುಹಾಕಿ, ಸಾಕಿ, ನಾಯಕಿ ಕೈಗೆ ಕೊಟ್ಟು ಅವಳು ಹೊರಟುಹೋಗ್ತಾಳೆ. ಪೋಷಕ ನಟಿ ಅನ್ನೋ ಕೆಲಸದ ಲೆಕ್ಕಾಚಾರ ಇದು, ಸತ್ಯ ನಿಂಗೆ ಮೊದಲು ಗೊತ್ತಾಗುತ್ತೆ, ಆದ್ರೆ ಆ ಸತ್ಯದಿಂದ ಬದಲಾಗೋ ಹಕ್ಕು ಬೇರೆಯವ್ರಿಗೆ.

1954ರ 'ರಿಯರ್ ವಿಂಡೋ'ನಲ್ಲಿ ಹಿಚ್‌ಕಾಕ್ ಇದನ್ನೇ ಇನ್ನೂ ಸೂಕ್ಷ್ಮವಾಗಿ ಬಳಸಿದಾರೆ. ಕಾಲು ಮುರ್ಕೊಂಡು ವೀಲ್‌ಚೇರಲ್ಲಿ ಕೂತ ಫೋಟೋಗ್ರಾಫರ್ ಜೇಮ್ಸ್ ಸ್ಟೀವರ್ಟ್, ಎದುರು ಮನೆ ಕಿಟಕಿಗಳನ್ನೇ ನೋಡ್ತಾ ಒಂದು ಕೊಲೆ ಆಗಿದೆ ಅಂತ ಶಂಕೆ ಪಡ್ತಾನೆ. ಥೆಲ್ಮಾ ಇಲ್ಲಿ ಸ್ಟೆಲ್ಲಾ, ಇನ್ಶೂರೆನ್ಸ್ ಕಂಪನಿ ಕಳಿಸೋ ನರ್ಸ್. ಸಿನಿಮಾದ ಶುರುವಲ್ಲೇ ಬಂದು, ಬೇರೆಯವ್ರ ಮನೆ ಇಣುಕಿ ನೋಡೋದು ಎಂಥ ಕೆಟ್ಟ ಬುದ್ಧಿ ಅಂತ ಬೈತಾಳೆ, ಹಂಗೇ ಬೆನ್ನು ತಿಕ್ತಾಳೆ, ಮದುವೆ ಬಗ್ಗೆ ಉಪದೇಶ ಮಾಡ್ತಾಳೆ, 1929ರ ಷೇರು ಮಾರ್ಕೆಟ್ ಕುಸಿತ ತನಗೆ ಮೊದಲೇ ಗೊತ್ತಾಗಿತ್ತು, ಜನರಲ್ ಮೋಟರ್ಸ್ ಅನ್ನೋ ಕಾರ್ ಕಂಪನಿಯ ಒಬ್ಬ ಡೈರೆಕ್ಟರ್‌ಗೆ ಶುಶ್ರೂಷೆ ಮಾಡ್ತಿದ್ದೆ, ಅವನು ಪದೇ ಪದೇ ಬಾತ್‌ರೂಮಿಗೆ ಓಡೋದು ನೋಡಿ ಹೇಳಿದ್ದೆ ಅಂತಾಳೆ. ಕೇಳೋಕೆ ತಮಾಷೆ, ಆದ್ರೆ ಇವಳು ಸಣ್ಣ ಸುಳಿವಿಂದ ದೊಡ್ಡದನ್ನ ಊಹಿಸಬಲ್ಲೋಳು ಅಂತ ನಮಗೆ ಆಗ್ಲೇ ಹೇಳಿಬಿಟ್ಟಿರ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಅದೇ ಸ್ಟೆಲ್ಲಾ, ಸ್ಟೀವರ್ಟ್ ತಿಂಡಿ ತಿನ್ನೋಕೆ ಕೂತಿದ್ದಾಗ, ಹೆಣ ಕತ್ತರಿಸಿದ್ರೆ ಯಾವ ರೂಮಲ್ಲಿ ಕತ್ತರಿಸಿರ್ತಾನೆ ರಕ್ತ ಎಲ್ಲಿ ಚೆಲ್ಲಿರುತ್ತೆ ಅಂತ ವಿವರವಾಗಿ ಮಾತಾಡ್ತಾಳೆ, ಕೊನೆಗೆ ಸ್ಟೀವರ್ಟ್‌ನ ಪ್ರೇಯಸಿ ಆಗಿರೋ ಗ್ರೇಸ್ ಕೆಲ್ಲಿ ಜೊತೆ ಕೆಳಗೆ ಇಳಿದು ಹೂವಿನ ಪಾತಿ ಅಗೆಯೋಕೂ ತಯಾರು. ಇಣುಕೋದು ತಪ್ಪು ಅಂತ ಕೂತಿದ್ದ ಪ್ರೇಕ್ಷಕರು ಗೊತ್ತಿಲ್ಲದ ಹಾಗೆ ತಾವೂ ಇಣುಕೋಕೆ ಶುರು ಮಾಡ್ತಾರಲ್ಲ, ಆ ಜಾರುವಿಕೆ ಪರದೆ ಮೇಲೆ ನಡೆಯೋದು ಸ್ಟೆಲ್ಲಾ ಮೂಲಕ. ಸ್ಟೀವರ್ಟ್ ಪಾತ್ರ ಮೊದಲಿಂದ್ಲೂ ಇಣುಕೋನೇ, ಬದಲಾಗೋಳು ಇವಳು. ಇದಕ್ಕೆ ನಾಮಿನೇಷನ್ ಕೂಡ ಬರಲಿಲ್ಲ, ನನ್ನ ಪ್ರಕಾರ ಬರಬೇಕಿತ್ತು.

ಮೋ ಪಾತ್ರಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅಲ್ಲಿ ಈ ಲೆಕ್ಕಾಚಾರವೇ ಮುರಿದುಬಿದ್ದಿದೆ. ಮೋ ಪೊಲೀಸರಿಗೆ ಮಾಹಿತಿ ಮಾರೋಳು, ಪಿಕ್‌ಪಾಕೆಟ್ ಹೇಗೆ ಕೈ ಹಾಕಿದ ಅಂತ ಕೇಳಿ ಅದು ಯಾರ ಕೈಚಳಕ ಅಂತ ಗುರುತು ಹಿಡೀತಾಳೆ, ರೇಟಿಗೆ ಚೌಕಾಸಿ ಮಾಡ್ತಾಳೆ, ಜೀವನದ ಖರ್ಚು ಏರಿದೆ ನನ್ನ ರೇಟೂ ಏರಿದೆ ಅಂತಾಳೆ. ಹೀರೋ ಸ್ಕಿಪ್‌ನ ವಿಳಾಸವನ್ನೂ ಮಾರ್ತಾಳೆ, ಸ್ಕಿಪ್‌ಗೆ ಬೇಜಾರಿಲ್ಲ, ಅವಳೂ ಹೊಟ್ಟೆ ಹೊರೀಬೇಕಲ್ವಾ ಅನ್ನೋನು ಅವನು. ಈ ದುಡ್ಡೆಲ್ಲ ಅವಳು ಕೂಡಿಡೋದು ಒಂದೇ ಕಾರಣಕ್ಕೆ, ಲಾಂಗ್ ಐಲ್ಯಾಂಡ್‌ನಲ್ಲಿ ಒಂದು ಒಳ್ಳೇ ಸಮಾಧಿ ಜಾಗ, ಒಂದು ಕಲ್ಲು. ನ್ಯೂಯಾರ್ಕಲ್ಲಿ ದಿಕ್ಕಿಲ್ಲದವ್ರ ಹೆಣಗಳನ್ನ ದೋಣಿಲಿ ಹಾರ್ಟ್ ಐಲ್ಯಾಂಡ್ ಅನ್ನೋ ದ್ವೀಪಕ್ಕೆ ಸಾಗಿಸಿ ಸಾಲುಗುಂಡಿಲಿ ಹೂಳ್ತಿದ್ರು, ಪಾಟರ್ಸ್ ಫೀಲ್ಡ್ ಅಂತಾರೆ, ಅಲ್ಲಿಗೆ ಹೋಗೋದು ಅಂದ್ರೆ ಮೋಗೆ ಸಾವಿಗಿಂತ ದೊಡ್ಡ ಭಯ. ಗೌರವವಾಗಿ ಮಣ್ಣಾಗಬೇಕು ಅನ್ನೋ ಆಸೆ ಎಲ್ಲಿಯವ್ರಿಗಾದ್ರೂ ತಟ್ಟುತ್ತೆ. ಎಲ್ಲವನ್ನೂ ಮಾರೋಳು ಕೊನೆಗೆ ಆ ರಾತ್ರಿ ರೂಮಿಗೆ ಬಂದವನಿಗೆ ಮಾತ್ರ ಸ್ಕಿಪ್‌ನ ವಿಳಾಸ ಮಾರಲ್ಲ ಅಂತ ನಿಂತು ಪ್ರಾಣ ಬಿಡ್ತಾಳೆ. ಅವಳ ಹೆಣದ ಪೆಟ್ಟಿಗೆ ದೋಣಿಲಿ ಹೊರಟಾಗ ಸ್ಕಿಪ್ ಹೋಗಿ ಅದನ್ನ ಬಿಡಿಸ್ಕೊಂಡು ಬರ್ತಾನೆ, ಅದುವರೆಗೂ ಯಾರ ಬಗ್ಗೆಯೂ ತಲೆ ಕೆಡಿಸ್ಕೊಳ್ಳದ ಕಳ್ಳ ಅವನು. ಕಥೆಯನ್ನ ಹೊತ್ತು ನಡೆಯೋಕೆ ಅಂತ ಇಟ್ಟಿದ್ದ ಪಾತ್ರ ಇಲ್ಲಿ ತನ್ನದೇ ಕಥೆ ಆಗಿಬಿಡುತ್ತೆ.

ಈಗ ಪ್ರಶಸ್ತಿ ವಿಷಯ. ಪೋಷಕ ನಟ, ಪೋಷಕ ನಟಿ ಅಂತ ಬೇರೆ ಆಸ್ಕರ್ ಶುರುವಾಗಿದ್ದು 1936ರ ಸಿನಿಮಾಗಳಿಗೆ, ಮೊದಲ ವರ್ಷಗಳಲ್ಲಿ ಅವ್ರಿಗೆ ಪೂರ್ತಿ ಮೂರ್ತಿ ಕೂಡ ಕೊಡ್ತಿರಲಿಲ್ಲ, ಒಂದು ಫಲಕ ಅಷ್ಟೇ, 1944ರ ಸಮಾರಂಭದಿಂದ ಮೂರ್ತಿ ಕೊಡೋಕೆ ಶುರು ಮಾಡಿದ್ರು. ಥೆಲ್ಮಾ ನಾಮಿನೇಟ್ ಆಗಿದ್ದು 1950ರಿಂದ 1953ರ ತನಕ ಸತತ ನಾಲ್ಕು ವರ್ಷದ ಸಿನಿಮಾಗಳಿಗೆ, ಆಮೇಲೆ 1959, 1962. ಪ್ರತಿ ಸಲ ಸೋತಿದ್ದಕ್ಕೆ ಒಂದೇ ಕಾರಣ ಹುಡುಕೋಕೆ ಹೋದ್ರೆ ಸಿಗಲ್ಲ. 1950ರಲ್ಲಿ 'ಆಲ್ ಅಬೌಟ್ ಈವ್'ನಿಂದಲೇ ಸೆಲೆಸ್ಟ್ ಹೋಮ್ ಕೂಡ ಅದೇ ವಿಭಾಗದಲ್ಲಿದ್ರು, ಒಂದೇ ಸಿನಿಮಾದವ್ರಿಬ್ರು ನಿಂತ್ರೆ ಓಟು ಒಡೆಯುತ್ತೆ, ಗೆದ್ದಿದ್ದು 'ಹಾರ್ವಿ'ಯ ಜೋಸೆಫೀನ್ ಹಲ್. 1951ರಲ್ಲಿ ಕಿಮ್ ಹಂಟರ್, ಅವ್ರ ಸಿನಿಮಾ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ನಟನೆಯ ನಾಲ್ಕು ಪ್ರಶಸ್ತಿಯಲ್ಲಿ ಮೂರನ್ನ ಬಾಚ್ಕೊಂಡಿತ್ತು. 1953ರಲ್ಲಿ ಡೋನಾ ರೀಡ್, ಅವ್ರ 'ಫ್ರಮ್ ಹಿಯರ್ ಟು ಇಟರ್ನಿಟಿ'ಗೆ ಒಟ್ಟು ಎಂಟು ಆಸ್ಕರ್. ಮೋ ಪಾತ್ರ ಇದ್ದಿದ್ದು ಸಣ್ಣ ಬಜೆಟ್ಟಿನ ಒಂದು ಕ್ರೈಮ್ ಸಿನಿಮಾದಲ್ಲಿ, ಆ ಸಿನಿಮಾಕ್ಕೆ ಬಂದ ಒಂದೇ ನಾಮಿನೇಷನ್ ಥೆಲ್ಮಾದು.

ಹಾಗಂತ ದೊಡ್ಡ ಪಾತ್ರ ಇದ್ದೋರೇ ಗೆಲ್ತಿದ್ರು ಅಂತಾನೂ ಹೇಳೋಕಾಗಲ್ಲ. 1952ರಲ್ಲಿ ಗ್ಲೋರಿಯಾ ಗ್ರಹಾಮ್ 'ದಿ ಬ್ಯಾಡ್ ಅಂಡ್ ದಿ ಬ್ಯೂಟಿಫುಲ್'ಗೆ ಗೆದ್ರು, ಪರದೆ ಮೇಲೆ ಇದ್ದಿದ್ದು ಹತ್ತು ನಿಮಿಷಕ್ಕೂ ಕಮ್ಮಿ, ಆದ್ರೆ ಅದೇ ವರ್ಷ ಅವ್ರ ಇನ್ನೂ ಮೂರು ಸಿನಿಮಾ ಬಂದು ಎಲ್ರ ಬಾಯಲ್ಲೂ ಅವ್ರ ಹೆಸರಿತ್ತು. 1959ರಲ್ಲಿ ಶೆಲ್ಲಿ ವಿಂಟರ್ಸ್. 1962ರಲ್ಲಿ ಪ್ಯಾಟಿ ಡ್ಯೂಕ್, ಹೆಲೆನ್ ಕೆಲ್ಲರ್ ಪಾತ್ರಕ್ಕೆ, ಅದು ಯಾವ ಲೆಕ್ಕದಲ್ಲಿ ಪೋಷಕ ಪಾತ್ರ? ಇಡೀ ಸಿನಿಮಾ ಆ ಹುಡುಗಿದು. ಇದೇ ಗೊಂದಲ ಥೆಲ್ಮಾಗೂ ಉಲ್ಟಾ ಆಗಿ ತಾಗಿದೆ: 1951ರ 'ದಿ ಮೇಟಿಂಗ್ ಸೀಸನ್'ನಲ್ಲಿ ಅವ್ರದ್ದೇ ಮುಖ್ಯ ಪಾತ್ರ. ಹ್ಯಾಂಬರ್ಗರ್ ಅಂಗಡಿ ಇಟ್ಕೊಂಡಿದ್ದ ತಾಯಿ, ಅಂಗಡಿ ಕಳ್ಕೊಂಡು ಮಗನ ಮನೆಗೆ ಬಂದ್ರೆ ಶ್ರೀಮಂತರ ಮನೆಯಿಂದ ಬಂದ ಹೊಸ ಸೊಸೆ ಇವಳನ್ನ ಅಡುಗೆಯವಳು ಅನ್ಕೊಳ್ತಾಳೆ, ಮಗನಿಗೆ ಮುಜುಗರ ಆಗಬಾರದು ಅಂತ ತಾಯಿ ಸುಮ್ನೆ ಅಡುಗೆಯವಳಾಗೇ ಉಳ್ಕೊಳ್ತಾಳೆ. ಇಡೀ ಸಿನಿಮಾ ಅವ್ರ ಹೆಗಲ ಮೇಲಿದೆ, ಹೆಸರು ಮಾತ್ರ ಜೀನ್ ಟಿಯರ್ನಿ, ಜಾನ್ ಲುಂಡ್, ಮಿರಿಯಮ್ ಹಾಪ್ಕಿನ್ಸ್ ಆದ ಮೇಲೆ. ಹೆಸರಿನ ಸಾಲು ಕೆಳಗೆ ಅಂದ್ರೆ ನಾಮಿನೇಷನ್ನೂ ಪೋಷಕ ವಿಭಾಗಕ್ಕೇ.

ಇನ್ನೊಂದು ಉದಾಹರಣೆ ಇದಕ್ಕಿಂತ ನೋವಿಂದು. 1955ರಲ್ಲಿ 'ದಿ ಕೇಟರ್ಡ್ ಅಫೇರ್' ಅನ್ನೋ ಟಿವಿ ನಾಟಕದಲ್ಲಿ ಮಗಳಿಗೆ ಅದ್ದೂರಿ ಮದುವೆ ಮಾಡಬೇಕು ಅಂತ ಹಟ ಹಿಡಿಯೋ ಬಡ ತಾಯಿ ಪಾತ್ರ ಥೆಲ್ಮಾ ಮಾಡಿದ್ರು, ಟಿವಿಗೆ ಕೊಡೋ ಎಮ್ಮಿ ಪ್ರಶಸ್ತಿಗೆ ನಾಮಿನೇಷನ್ ಬಂತು. ಮಾರನೇ ವರ್ಷ ಅದು ಸಿನಿಮಾ ಆದಾಗ ಅದೇ ತಾಯಿ ಪಾತ್ರ ಬೆಟ್ಟಿ ಡೇವಿಸ್‌ಗೆ ಹೋಯ್ತು. ಟಿವಿ ಪರದೆಯಲ್ಲಿ ನಾಯಕಿ ಆಗಬಹುದು, ಥಿಯೇಟರ್ ಪರದೆಯಲ್ಲಿ ಪೋಸ್ಟರ್‌ಗೆ ಸ್ಟಾರ್ ಬೇಕು. ಬೆಟ್ಟಿ ಡೇವಿಸ್ ಬಗ್ಗೆ ನಂಗೆ ಅಪಾರ ಗೌರವ, ಆದ್ರೂ ಆ ಪಾತ್ರದಲ್ಲಿ ಥೆಲ್ಮಾನ ಸಿನಿಮಾ ಕ್ಯಾಮೆರಾ ಹಿಡಿದಿದ್ರೆ ಅಂತ ಅನ್ಸದೇ ಇರಲ್ಲ.

ಅಷ್ಟೊತ್ತಿಗೆ ಸ್ಟುಡಿಯೋ ಫ್ಯಾಕ್ಟರಿಗಳೂ ಅಲ್ಲಾಡ್ತಿದ್ವು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿಂದ ಸ್ಟುಡಿಯೋಗಳು ತಮ್ಮ ಥಿಯೇಟರ್‌ಗಳನ್ನ ಬಿಟ್ಕೊಡಬೇಕಾಯ್ತು, ಟಿವಿ ಬಂತು, ಸಂಬಳದ ನಟರ ಪಟ್ಟಿ ಸಣ್ಣದಾಗ್ತಾ ಬಂತು. ಥೆಲ್ಮಾ ಟಿವಿ, ಬ್ರಾಡ್‌ವೇ (ನ್ಯೂಯಾರ್ಕಿನ ದೊಡ್ಡ ನಾಟಕ ರಂಗ) ಎರಡೂ ಕಡೆ ಓಡಾಡಿದ್ರು. 1955ರ ಆಸ್ಕರ್ ಸಮಾರಂಭ ಹಾಲಿವುಡ್ ಮತ್ತೆ ನ್ಯೂಯಾರ್ಕ್ ಎರಡೂ ಕಡೆ ನಡೆದಾಗ ನ್ಯೂಯಾರ್ಕ್ ಕಡೆಯ ನಿರೂಪಣೆ ಅವ್ರದ್ದೇ. ಗೆಲುವು ಸಿಕ್ಕಿದ್ದು ಸ್ಟೇಜ್ ಮೇಲೆ: 'ನ್ಯೂ ಗರ್ಲ್ ಇನ್ ಟೌನ್' ಅನ್ನೋ ಸಂಗೀತ ನಾಟಕಕ್ಕೆ 1958ರಲ್ಲಿ ಟೋನಿ ಪ್ರಶಸ್ತಿ, ಅಂದ್ರೆ ಬ್ರಾಡ್‌ವೇ ನಾಟಕಗಳ ದೊಡ್ಡ ಪ್ರಶಸ್ತಿ ಬಂತು, ಅದೂ ಮುಖ್ಯ ನಟಿ ವಿಭಾಗದಲ್ಲಿ, ಅದೇ ನಾಟಕದ ಗ್ವೆನ್ ವರ್ಡನ್ ಜೊತೆ ಸಮಸಮ.

ಆಮೇಲೆ 'ಪಿಲ್ಲೋ ಟಾಕ್'ನಲ್ಲಿ ದಿನಾ ಬೆಳಿಗ್ಗೆ ಹ್ಯಾಂಗೋವರಲ್ಲಿ ಕೆಲಸಕ್ಕೆ ಬರೋ ಆಲ್ಮಾ, ಬಾಯಿ ಬಿಡಿಸೋಣ ಅಂತ ಕುಡಿಸೋಕೆ ಕರ್ಕೊಂಡು ಹೋದ ರಾಕ್ ಹಡ್ಸನ್‌ನನ್ನೇ ಕುಡಿದು ಮಲಗಿಸಿಬಿಡೋಳು. 1961ರ 'ದಿ ಮಿಸ್‌ಫಿಟ್ಸ್'ನಲ್ಲಿ ಸ್ಟಾರ್‌ಗಳಾದ ಕ್ಲಾರ್ಕ್ ಗೇಬಲ್, ಮರ್ಲಿನ್ ಮನ್ರೋ ಪಕ್ಕದಲ್ಲಿ ಒಂದಷ್ಟು ಹೊತ್ತು ಇದ್ದು, ಬರ್ಡಿ ಥರಾನೇ ಮಧ್ಯದಲ್ಲೇ ಹೊರಟುಹೋಗ್ತಾರೆ. 'ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್'ನಲ್ಲಿ ಖೈದಿಯ ತಾಯಿ, ಮಗನ ಪ್ರಾಣ ಉಳಿಸೋಕೆ ಹೋರಾಡಿದವಳು, ಅವನು ಮದುವೆ ಆದ ಮೇಲೆ ಅವನ ವಿರುದ್ಧವೇ ತಿರುಗ್ತಾಳೆ. ಜನ ಆ ದನಿ ಕೇಳಿದ ತಕ್ಷಣ ನಂಬೋಕೆ ರೂಢಿ ಮಾಡ್ಕೊಂಡಿದ್ರಲ್ಲ, ಇಲ್ಲಿ ಆ ನಂಬಿಕೆಯನ್ನೇ ಇಟ್ಕೊಂಡು ನಮ್ಮನ್ನ ನಡುಗಿಸ್ತಾರೆ.

ಕೊನೇ ಸಿನಿಮಾ ಬಂದಿದ್ದು 1968ರಲ್ಲಿ, ಡೈರೆಕ್ಟರ್ ಅದೇ ಜಾರ್ಜ್ ಸೀಟನ್, ಮೊದಲ ಪಾತ್ರ ಕೊಟ್ಟವ್ರು. 1969ರ ಫೆಬ್ರವರಿ 5ಕ್ಕೆ ನ್ಯೂಯಾರ್ಕಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರ್ಕೊಂಡ್ರು, 67 ತುಂಬೋಕೆ ಒಂಬತ್ತು ದಿನ ಬಾಕಿ ಇತ್ತು. ಆ ಕ್ರಿಸ್‌ಮಸ್ ಸಿನಿಮಾನ ಅಮೆರಿಕದಲ್ಲಿ ಈಗ್ಲೂ ಡಿಸೆಂಬರ್ ಬಂದ್ರೆ ಟಿವಿಲಿ ಹಾಕ್ತಾರೆ, ಆಟಿಕೆ ಹುಡುಕ್ತಾ ಕಾಲು ನೋಯಿಸ್ಕೊಂಡ ತಾಯಿ ಸಾಂತಾ ಮುಂದೆ ಬಂದು ನಿಲ್ತಾಳೆ, ಅವಳ ಹೆಸರು ಟೈಟಲ್ ಕಾರ್ಡಲ್ಲಿ ಇವತ್ತಿಗೂ ಇಲ್ಲ.